ರಾತ್ರಿ ವಾಸನೆ, ಬೆಳಿಗ್ಗೆ ಏನೂ ಇಲ್ಲ: ಕೈಗಾರಿಕೆ ಪಕ್ಕದ ಊರಿನವರು ದೂರು ಕೊಡುವುದು ಹೇಗೆ?

ಮಂಗಳೂರಿನ ಹತ್ತಿರದ ಜೋಕಟ್ಟೆ, ಕಳವಾರು, ಕಾಟಿಪಳ್ಳ, ಪೆರ್ಮುದೆ ಕಡೆಯ ಓದುಗರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ರಾತ್ರಿ ಮಲಗುವ ಹೊತ್ತಿಗೆ ಕೆಟ್ಟ ವಾಸನೆ ಬರುತ್ತದೆ. ಬೆಳಿಗ್ಗೆ ಫೋನ್ ಮಾಡಿದರೆ ಮಾಲಿನ್ಯ ನಿಯಂತ್ರಣ ಮಂಡಳಿಯವರು ಮಧ್ಯಾಹ್ನ ಬಂದು ನೋಡುತ್ತಾರೆ. ಆಗ ಏನೂ ಇರುವುದಿಲ್ಲ. ಮುಂದೇನು ಮಾಡೋದು?" ಬಾವಿ ನೀರಿನ ಮೇಲೆ ಬಣ್ಣದ ಪೊರೆ ಕಟ್ಟಿದೆ ಅಂತ ಕೇಳುವವರೂ ಇದ್ದಾರೆ. ಒಬ್ಬೊಬ್ಬರಿಗೆ ಉತ್ತರ ಬರೆಯುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಪರಿಸರ ನ್ಯಾಯ ಅನ್ನುವ ಮಾತು ಈಗ ಜಾಸ್ತಿ ಕೇಳಿಬರುತ್ತದೆ. ಅರ್ಥ ಸರಳ. ಪೆಟ್ರೋಲು, ಗ್ಯಾಸು, ಪ್ಲಾಸ್ಟಿಕ್ಕು ಎಲ್ಲರಿಗೂ ಬೇಕು. ಆದರೆ ಅದನ್ನು ತಯಾರಿಸುವಾಗ ಬರುವ ಹೊಗೆ, ಧೂಳು, ಕೊಳಕು ನೀರು ಮಾತ್ರ ಕೆಲವೇ ಊರುಗಳ ಪಾಲಿಗೆ ಬರಬಾರದು. ನಮ್ಮಲ್ಲಿ ಇದು ದೂರದ ಮಾತಲ್ಲ. ಪಣಂಬೂರಿಗೆ ಬಂದರು ಬಂದಾಗ ಮನೆ ಬಿಟ್ಟವರಿಗೆ ಕಾಟಿಪಳ್ಳ, ಕೃಷ್ಣಾಪುರದಲ್ಲಿ ಜಾಗ ಕೊಟ್ಟರು. ಮುಂದೆ ಅದರ ಹತ್ತಿರಕ್ಕೇ ತೈಲ ಶುದ್ಧೀಕರಣ ಘಟಕ ಬಂತು. ಒಂದು ಸಲ ಎದ್ದು ಬಂದವರ ಮಕ್ಕಳು ಈಗ ಕಿಟಕಿ ಮುಚ್ಚಿ ಮಲಗುತ್ತಾರೆ. 2009ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ದೇಶದ 43 ಕೈಗಾರಿಕಾ ಪ್ರದೇಶಗಳನ್ನು 'ತೀವ್ರ ಕಲುಷಿತ' ಎಂದು ಗುರುತಿಸಿತು. ಅದರಲ್ಲಿ ಮಂಗಳೂರೂ ಇತ್ತು.

ತೊಂದರೆ ಅನುಭವಿಸುವವರೇ ಸಾಕ್ಷಿಯನ್ನೂ ಹುಡುಕಬೇಕು ಅನ್ನುವುದು ನ್ಯಾಯವಲ್ಲ. ಆದರೂ ಇವತ್ತಿನ ಸ್ಥಿತಿಯಲ್ಲಿ ದಾಖಲೆ ಇಟ್ಟವರ ದೂರಿಗೆ ಮಾತ್ರ ತೂಕ ಬರುತ್ತದೆ. ಅದಕ್ಕೇ ಈ ಲೇಖನ.

ಮೊದಲು ಒಂದು ಎಚ್ಚರಿಕೆ

ವಾಸನೆ ತೀರಾ ಜೋರಾಗಿ ಉಸಿರು ಕಟ್ಟಿದರೆ, ಕಣ್ಣು ಬಿಡಲು ಆಗದಿದ್ದರೆ ಬರೆಯುತ್ತಾ ಕೂರಬೇಡಿ. ಒದ್ದೆ ಬಟ್ಟೆ ಮೂಗಿಗೆ ಹಿಡಿದು ಗಾಳಿಗೆ ಅಡ್ಡವಾಗಿ ನಡೆಯಿರಿ. ಗಾಳಿ ಹೋಗುವ ಕಡೆಗೇ ಓಡಿದರೆ ಗ್ಯಾಸು ನಿಮ್ಮ ಜೊತೆಗೇ ಬರುತ್ತದೆ. 112ಕ್ಕೆ ಅಥವಾ ಜಿಲ್ಲಾ ತುರ್ತು ಸಂಖ್ಯೆ 1077ಕ್ಕೆ ಕರೆ ಮಾಡಿ.

ಕೊಳೆತ ಮೊಟ್ಟೆ ವಾಸನೆ ಬಂದರೆ ಅದು ಸಾಮಾನ್ಯವಾಗಿ ಹೈಡ್ರೋಜನ್ ಸಲ್ಫೈಡ್, ಅಂದರೆ ಗಂಧಕದ ಅಂಶ ಇರುವ ವಿಷಾನಿಲ. ಗಾಳಿಯಲ್ಲಿ ಅದು ಚೂರೇ ಚೂರು ಇದ್ದರೂ ಮೂಗಿಗೆ ಗೊತ್ತಾಗುತ್ತದೆ. ಆದರೆ ಪ್ರಮಾಣ ಸುಮಾರು 100 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲು ಗಾಳಿಯಲ್ಲಿ ನೂರು ಪಾಲು, ದಾಟಿದರೆ ಕೆಲವೇ ನಿಮಿಷಗಳಲ್ಲಿ ಮೂಗೇ ಮರಗಟ್ಟುತ್ತದೆ. ಜೋರಾಗಿದ್ದ ವಾಸನೆ ಥಟ್ಟನೆ ನಿಂತಿತು ಅಂದರೆ ಗ್ಯಾಸು ಹೋಯಿತು ಅಂತ ತಿಳಿಯಬೇಡಿ. ಇದು ಗಾಳಿಗಿಂತ ಭಾರ. ತಗ್ಗಿನಲ್ಲಿ, ತೋಡಿನಲ್ಲಿ, ಬಾವಿಯೊಳಗೆ ನಿಲ್ಲುತ್ತದೆ. ಅಂಥ ಹೊತ್ತಲ್ಲಿ ಯಾರನ್ನೂ ಬಾವಿಗೆ ಇಳಿಸಬೇಡಿ.

ಹಂತ 1: ವಾಸನೆಯ ದಿನಚರಿ ಇಡಿ

ಎಲ್ಲಕ್ಕಿಂತ ಮುಖ್ಯ ಹಂತ ಇದೇ. ಬೇಕಾದದ್ದು ಒಂದು ಇನ್ನೂರು ಪುಟದ ನೋಟ್‌ಬುಕ್ಕು, ಪೆನ್ನು, ಗಡಿಯಾರ. ಬಿಡಿ ಹಾಳೆ ಬೇಡ. ಹೊಲಿದ ಪುಸ್ತಕದಲ್ಲಿ ಆಮೇಲೆ ಪುಟ ಸೇರಿಸಿದ್ದಾರೆ ಅಂತ ಯಾರೂ ಹೇಳಲಾರರು.

ಒಂದು ನಮೂದು ಹೀಗಿರಲಿ:

"ಫೆಬ್ರವರಿ 9. ರಾತ್ರಿ 11.40ರಿಂದ 1.15. ಕೊಳೆತ ಮೊಟ್ಟೆ ವಾಸನೆ. ಜೋರು 5ರಲ್ಲಿ 4. ಊದುಬತ್ತಿಯ ಹೊಗೆ ಬಾವಿ ಕಡೆಯಿಂದ ರಸ್ತೆ ಕಡೆಗೆ. ಅಮ್ಮನಿಗೆ ಕಣ್ಣುರಿ, ಮಗುವಿಗೆ ಕೆಮ್ಮು. ಪಕ್ಕದ ಮೂರು ಮನೆಯವರಿಗೂ ಗೊತ್ತಾಗಿದೆ. 11.55ಕ್ಕೆ ಫೋನ್ ಮಾಡಿದೆ, ಎತ್ತಲಿಲ್ಲ."

ಊದುಬತ್ತಿ ಯಾಕೆ ಅಂದರೆ, ಗಾಳಿ ಯಾವ ಕಡೆಯಿಂದ ಬರುತ್ತಿದೆ ಅಂತ ರಾತ್ರಿ ನೋಡಲು ಅದಕ್ಕಿಂತ ಸುಲಭದ ದಾರಿ ಇಲ್ಲ. ಅಂಗಳದ ಮಧ್ಯೆ ಹಚ್ಚಿ ನಿಲ್ಲಿಸಿ. ಹೊಗೆ ಹೋಗುವ ದಿಕ್ಕನ್ನು ಫೋನಿನ ದಿಕ್ಸೂಚಿಯಲ್ಲಿ ನೋಡಿ ಬರೆಯಿರಿ. ಗ್ಯಾಸಿನಂಥ ವಾಸನೆ ಇದ್ದರೆ ಮಾತ್ರ ಬೆಂಕಿಕಡ್ಡಿ ಗೀರಬೇಡಿ, ಬಟ್ಟೆ ಒಣಹಾಕುವ ಹಗ್ಗಕ್ಕೆ ಒಂದು ನೂಲು ಕಟ್ಟಿ ನೋಡಿದರೆ ಸಾಕು. ಬಜಪೆ ವಿಮಾನ ನಿಲ್ದಾಣದ ಗಾಳಿಯ ವರದಿ ಅರ್ಧ ಗಂಟೆಗೊಮ್ಮೆ ಇಂಟರ್ನೆಟ್ಟಿನಲ್ಲಿ ಸಿಗುತ್ತದೆ. ನಿಲ್ದಾಣದ ಸಂಕೇತ ವಿಒಎಂಎಲ್. ಆ ಹೊತ್ತಿನ ವರದಿಯ ಸ್ಕ್ರೀನ್‌ಶಾಟ್ ತೆಗೆದಿಟ್ಟರೆ ನಿಮ್ಮ ಊದುಬತ್ತಿಯ ಸಾಕ್ಷಿಗೆ ಇನ್ನೊಂದು ಸಾಕ್ಷಿ ಸೇರುತ್ತದೆ.

ಕರಾವಳಿಯ ಗಾಳಿಯ ಗುಣ ನಿಮಗೆ ಗೊತ್ತೇ ಇದೆ. ಹಗಲು ಕಡಲಿನಿಂದ ನೆಲಕ್ಕೆ, ರಾತ್ರಿ ನೆಲದಿಂದ ಕಡಲಿಗೆ. ಅದಕ್ಕೇ ರಾತ್ರಿ ಬಂದ ವಾಸನೆ ಮಧ್ಯಾಹ್ನ ಬಂದ ಅಧಿಕಾರಿಗೆ ಸಿಗುವುದಿಲ್ಲ. ನಮ್ಮ ಮನೆಯಲ್ಲೂ ಮೊದಲ ಸಲ ಹೀಗೇ ಆಯಿತು. ನೋಡಲು ಬಂದವರು ಹಿತ್ತಲಲ್ಲಿ ಹತ್ತು ನಿಮಿಷ ನಿಂತು 'ವಾಸನೆ ಕಂಡುಬಂದಿಲ್ಲ' ಅಂತ ಬರೆದರು, ನಾವೂ ಸುಮ್ನೆ ಸಹಿ ಹಾಕಿದೆವು. ಎರಡು ತಿಂಗಳ ದಿನಚರಿ ಕೈಯಲ್ಲಿದ್ದಿದ್ದರೆ 'ರಾತ್ರಿ ಹತ್ತರ ಮೇಲೆ ಬನ್ನಿ' ಅಂತ ಬರಹದಲ್ಲೇ ಕೇಳಬಹುದಿತ್ತು.

ವಾಸನೆಯ ಹೆಸರು ಗೊತ್ತಿಲ್ಲದಿದ್ದರೆ ಹೋಲಿಕೆ ಬರೆಯಿರಿ. ಮೂಗಿಗೆ ಹೊಡೆದು ಕಣ್ಣಲ್ಲಿ ನೀರು ಬರಿಸುವುದು ಅಮೋನಿಯಾ ಇರಬಹುದು. ಆಗಷ್ಟೇ ಗೀರಿದ ಬೆಂಕಿಕಡ್ಡಿಯ ಘಾಟು ಗಂಧಕದ ಡೈಆಕ್ಸೈಡ್ ಇರಬಹುದು. ಪೆಟ್ರೋಲ್ ಬಂಕಿನ ಸಿಹಿ ವಾಸನೆ ಬೆಂಜೀನ್, ಟೊಲುವಿನ್ ಥರದ್ದು. ಬೆಂಜೀನ್ ರಕ್ತದ ಕ್ಯಾನ್ಸರಿಗೆ ಕಾರಣವಾಗಬಲ್ಲ ವಸ್ತು. ಆದರೆ ದಿನಚರಿಯಲ್ಲಿ 'ಬೆಂಜೀನ್ ಬಂತು' ಅಂತ ಬರೆಯಬೇಡಿ. 'ಪೆಟ್ರೋಲಿನ ವಾಸನೆ' ಅಂತಲೇ ಬರೆಯಿರಿ. ನಿಮ್ಮ ಮೂಗು ಕಂಡದ್ದನ್ನು ಮಾತ್ರ ಬರೆದರೆ ಅದನ್ನು ಯಾರೂ ಅಲ್ಲಗಳೆಯಲು ಆಗುವುದಿಲ್ಲ.

ಒಬ್ಬರ ಪುಸ್ತಕಕ್ಕಿಂತ ಬೇರೆ ಬೇರೆ ದಿಕ್ಕಿನ ಐದು ಮನೆಗಳ ಪುಸ್ತಕ ಒಳ್ಳೆಯದು. ಒಂದೇ ರಾತ್ರಿ, ಒಂದೇ ಹೊತ್ತು ಐದರಲ್ಲೂ ಇದ್ದರೆ ವಾದಕ್ಕೆ ಜಾಗ ಉಳಿಯುವುದಿಲ್ಲ.

ಜಾಸ್ತಿ ಜನ ಎಡವುವುದು ಮೊಬೈಲಿನ ಗಾಳಿ ಗುಣಮಟ್ಟದ ಸೂಚ್ಯಂಕ ನೋಡಿ. 'ಮಂಗಳೂರು: ಉತ್ತಮ' ಅಂತ ಹಸಿರು ಬಣ್ಣ ಕಾಣುತ್ತದೆ. ಆದರೆ ನಗರದ ಕದ್ರಿಯಲ್ಲಿರುವ ಯಂತ್ರ ಅಳೆಯುವುದು ಕದ್ರಿಯ ಗಾಳಿಯನ್ನು, ನಿಮ್ಮ ಅಂಗಳದ್ದನ್ನಲ್ಲ. ಮೇಲಾಗಿ ಆ ಸೂಚ್ಯಂಕದ ಲೆಕ್ಕಕ್ಕೆ ಬರುವುದು ಎಂಟು ವಸ್ತುಗಳು ಮಾತ್ರ: ಎರಡು ಬಗೆಯ ಧೂಳು, ಗಂಧಕದ ಡೈಆಕ್ಸೈಡ್, ಸಾರಜನಕದ ಡೈಆಕ್ಸೈಡ್, ಕಾರ್ಬನ್ ಮೊನಾಕ್ಸೈಡ್, ಓಝೋನ್, ಅಮೋನಿಯಾ, ಸೀಸ. ಬೆಂಜೀನ್ ಅದರಲ್ಲಿಲ್ಲ. 2009ರ ರಾಷ್ಟ್ರೀಯ ಗಾಳಿ ಮಾನದಂಡದಲ್ಲಿ ಬೆಂಜೀನ್ ಇದೆ, ವರ್ಷದ ಸರಾಸರಿ ಘನ ಮೀಟರಿಗೆ 5 ಮೈಕ್ರೋಗ್ರಾಂ ಮಿತಿ. ಹೈಡ್ರೋಜನ್ ಸಲ್ಫೈಡ್ ಮಾತ್ರ ಎರಡರಲ್ಲೂ ಇಲ್ಲ. ಹಾಗಾಗಿ 'ಸೂಚ್ಯಂಕ ಚೆನ್ನಾಗಿದೆಯಲ್ಲ' ಅಂತ ಯಾರಾದರೂ ಹೇಳಿದರೆ, ಅದು ನಿಮ್ಮ ದೂರಿಗೆ ಉತ್ತರವೇ ಅಲ್ಲ.

ಕಣ್ಣುರಿ, ಉಬ್ಬಸ ಅಂತ ಡಾಕ್ಟರ ಹತ್ತಿರ ಹೋದರೆ ಚೀಟಿಯಲ್ಲಿ ಔಷಧದ ಜೊತೆ ಲಕ್ಷಣ ಮತ್ತು ಅದು ಶುರುವಾದ ಹೊತ್ತನ್ನೂ ಬರೆಯಲು ಕೇಳಿ. ಎರಡು ಸಾಲು ಸಾಕು.

ಹಂತ 2: ಬಾವಿ, ತೋಡಿನ ನೀರು

ಇಲ್ಲಿ ಅವಸರ ಮಾಡಿದರೆ ದೂರು ಮೊದಲ ದಿನವೇ ಬಿದ್ದುಹೋಗುತ್ತದೆ. ಯಾಕೆಂದರೆ ನಮ್ಮದು ಮುರಕಲ್ಲಿನ, ಅಂದರೆ ಕೆಂಪು ಜಂಬಿಟ್ಟಿಗೆಯ ನೆಲ. ಇಲ್ಲಿಯ ಬಾವಿ ನೀರು ಕೈಗಾರಿಕೆ ಇಲ್ಲದ ಕಡೆಯೂ ಸ್ವಲ್ಪ ಹುಳಿ, ಕೆಲವು ಕಡೆ ಕಬ್ಬಿಣದ ಅಂಶ ಜಾಸ್ತಿ. ಪಿಎಚ್, ಅಂದರೆ ಹುಳಿ–ಕ್ಷಾರದ ಅಳತೆ, 6ಕ್ಕಿಂತ ಕೆಳಗೆ ಬಂತು ಅನ್ನುವುದೊಂದೇ ಸಾಕ್ಷಿಯಾಗುವುದಿಲ್ಲ. ಕಡಲು, ಹೊಳೆ ಹತ್ತಿರ ಬೇಸಿಗೆಯಲ್ಲಿ ಉಪ್ಪು ನೀರು ನುಗ್ಗುವುದೂ ಉಂಟು.

ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣದ ಪೊರೆ ಕಂಡರೆ ಮೊದಲು ಒಂದು ಕೆಲಸ ಮಾಡಿ. ಕೊಡಪಾನದಲ್ಲಿ ನೀರು ಸೇದಿ ಅಗಲ ಬಾಯಿಯ ಪಾತ್ರೆಗೆ ಮೆಲ್ಲಗೆ ಹೊಯ್ಯಿರಿ. ಅಲುಗಾಟ ನಿಂತು ಪೊರೆ ಮತ್ತೆ ಕಟ್ಟಿದ ಮೇಲೆ ತೆಂಗಿನ ಗರಿಯ ಕಡ್ಡಿಯಿಂದ ಅದನ್ನು ಮುಟ್ಟಿ. ಪೊರೆ ತೆಳು ಗಾಜಿನ ಹಾಗೆ ಚೂರು ಚೂರಾಗಿ ಒಡೆದು, ಚೂರುಗಳು ಬೇರೆ ಬೇರೆಯಾಗೇ ತೇಲಿದರೆ ಅದು ಕಬ್ಬಿಣದ ಅಂಶ ತಿನ್ನುವ ಬ್ಯಾಕ್ಟೀರಿಯಾದ ಪೊರೆ. ನೆಲದ ಗುಣ. ಕಡ್ಡಿ ತೆಗೆದ ಕೂಡಲೇ ಬಣ್ಣ ಸುತ್ತಿಕೊಂಡು ಮತ್ತೆ ಒಂದಾಗಿ ಸೇರಿದರೆ ಅದು ಎಣ್ಣೆ. ಈ ಪರೀಕ್ಷೆಯನ್ನು ಫೋನಿನಲ್ಲಿ ವೀಡಿಯೊ ಮಾಡಿ. ಅರ್ಧ ನಿಮಿಷದ ವೀಡಿಯೊ ಎರಡು ಪುಟದ ಅರ್ಜಿಗಿಂತ ಚೆನ್ನಾಗಿ ಮಾತಾಡುತ್ತದೆ.

ಎಣ್ಣೆ ಅನ್ನಿಸಿದರೆ ಲ್ಯಾಬಿಗೆ ಕೊಡಿ. ಎನ್‌ಎಬಿಎಲ್ ಮಾನ್ಯತೆ ಇರುವ ಲ್ಯಾಬೇ ಆಗಬೇಕು, ಅಂದರೆ ಪರೀಕ್ಷೆಯ ಗುಣಮಟ್ಟಕ್ಕೆ ರಾಷ್ಟ್ರೀಯ ಮಂಡಳಿಯ ಒಪ್ಪಿಗೆ ಇರುವಂಥದ್ದು. ಬಾಟಲಿ ಲ್ಯಾಬಿನಿಂದಲೇ ತನ್ನಿ. ಖಾಲಿ ಮಿನರಲ್ ವಾಟರ್ ಬಾಟಲಿ ಖಂಡಿತ ಬೇಡ. ಎಣ್ಣೆ ಪರೀಕ್ಷೆಗೆ ಗಾಜಿನ ಬಾಟಲಿ ಬೇಕು, ಅದನ್ನು ಬಾವಿ ನೀರಿನಲ್ಲಿ ಮೊದಲು ತೊಳೆಯಬಾರದು. ತೊಳೆದರೆ ಎಣ್ಣೆ ಗಾಜಿಗೆ ಅಂಟಿ ಲೆಕ್ಕ ತಪ್ಪುತ್ತದೆ. ಬೆಂಜೀನಿನಂಥ ಹಾರಿಹೋಗುವ ವಸ್ತುಗಳಿಗೆ ಸಣ್ಣ ಗಾಜಿನ ಶೀಶೆ, ಒಳಗೆ ಒಂದು ಗುಳ್ಳೆ ಗಾಳಿಯೂ ಉಳಿಯದ ಹಾಗೆ ತುಂಬಬೇಕು. ಐಸ್ ಹಾಕಿದ ಡಬ್ಬದಲ್ಲಿಟ್ಟು ಅದೇ ದಿನ ತಲುಪಿಸಿ.

ಏನೇನು ಪರೀಕ್ಷೆ ಬೇಕು ಅಂತ ನೀವೇ ಹೇಳಬೇಕು. 'ಕುಡಿಯುವ ನೀರಿನ ಪರೀಕ್ಷೆ' ಅಂದರೆ ಸಾಮಾನ್ಯ ಪಟ್ಟಿ ಮಾತ್ರ ಮಾಡಿ ಕೊಡುತ್ತಾರೆ, ಅದರಲ್ಲಿ ಎಣ್ಣೆಯೇ ಇರುವುದಿಲ್ಲ. ಖನಿಜ ತೈಲ, ಫಿನಾಲ್, ಸೀಸ ಅಂತ ಹೆಸರು ಹೇಳಿ ಕೇಳಿ. ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500ರಲ್ಲಿ ಖನಿಜ ತೈಲ ಲೀಟರಿಗೆ 0.5 ಮಿಲಿಗ್ರಾಂ ಮೀರಬಾರದು, ಸೀಸ 0.01 ಮಿಲಿಗ್ರಾಂ ಮೀರಬಾರದು. ಖರ್ಚು ಸ್ವಲ್ಪ ಆಗುತ್ತದೆ. ನಾಲ್ಕು ಮನೆಯವರು ಸೇರಿ ಅತಿ ಕೆಟ್ಟ ಬಾವಿಯದ್ದೊಂದು, ಘಟಕದಿಂದ ದೂರ ಇರುವ ಒಳ್ಳೆಯ ಬಾವಿಯದ್ದೊಂದು ಕೊಡಿ. ಎರಡನೆಯದು ಇಲ್ಲದಿದ್ದರೆ ಹೋಲಿಸಲು ಏನೂ ಇರುವುದಿಲ್ಲ.

ತೋಡಿನ ನೀರಿನದ್ದು ಬೇರೆ ಕಥೆ. ಮಳೆಗಾಲದ ಮೊದಲ ಜೋರು ಮಳೆಗೆ ತೋಕೂರು ಹಳ್ಳ, ಫಲ್ಗುಣಿ ಹೊಳೆ ಎರಡೂ ಕೆಂಪಾಗಿ ಹರಿಯುತ್ತವೆ, ಆಗ ಯಾರಾದರೂ ಏನಾದರೂ ಬಿಟ್ಟರೂ ಗೊತ್ತಾಗುವುದಿಲ್ಲ. ಮಳೆಗೆ ಮುಂಚಿನ ನೀರಿನ ಫೋಟೊ ಇಟ್ಟುಕೊಳ್ಳಿ. ಮೀನು ಸತ್ತು ತೇಲಿದರೆ, ಮರುವಾಯಿ, ಅಂದರೆ ಚಿಪ್ಪಿನ ಮೀನು, ಬಾಯಿ ಬಿಟ್ಟು ಸತ್ತಿದ್ದರೆ ಜಾಗ, ಹೊತ್ತು ಕಾಣುವ ಹಾಗೆ ಫೋಟೊ ತೆಗೆದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೂ ಮೀನುಗಾರಿಕೆ ಇಲಾಖೆಗೂ ಅದೇ ಗಂಟೆಯಲ್ಲಿ ತಿಳಿಸಿ.

ಇನ್ನೊಂದು ಮಾತು. ನೀವು ತೆಗೆದ ಮಾದರಿ ಮಂಡಳಿಯನ್ನು ಎಬ್ಬಿಸಲು ಸಾಕು, ಆದರೆ ಘಟಕದ ಮೇಲೆ ಕ್ರಮಕ್ಕೆ ಮಂಡಳಿಯೇ ಮಾದರಿ ತೆಗೆಯಬೇಕು. 1974ರ ಜಲ ಕಾಯ್ದೆಯಲ್ಲಿ ಅದಕ್ಕೆ ವಿಧಾನವಿದೆ. ಹಾಗಾಗಿ 'ನಮ್ಮ ವರದಿ ಒಪ್ಪಿ' ಅಂತ ಜಗಳ ಆಡಬೇಡಿ. 'ನಮ್ಮ ವರದಿ ಹೀಗಿದೆ, ನೀವು ಬಂದು ಮಾದರಿ ತೆಗೆಯಿರಿ' ಅಂತ ಕೇಳಿ.

ಹಂತ 3: ಕರಿಧೂಳು

ಇದು ಸುಲಭ. ಬಿಳಿ ಟಿಶ್ಯೂ ಒದ್ದೆ ಮಾಡಿ ಕಿಟಕಿಯ ಅಂಚಿನ ಒಂದು ಅಡಿ ಜಾಗ ಒರೆಸಿ. ಜಿಪ್ ಕವರಿಗೆ ಹಾಕಿ ದಿನಾಂಕ ಬರೆಯಿರಿ. ಅದೇ ಜಾಗ, ವಾರಕ್ಕೊಮ್ಮೆ. ಎಂಟು ಕವರು ಸಾಲಾಗಿ ಇಟ್ಟು ಒಂದು ಫೋಟೊ ತೆಗೆದರೆ ಯಾವ ವಾರ ಜಾಸ್ತಿ ಅಂತ ಕಣ್ಣಿಗೇ ಕಾಣುತ್ತದೆ. ಒಲೆಯ ಮಸಿ ತಾಗುವ ಅಡುಗೆಮನೆ ಕಿಟಕಿ ಮಾತ್ರ ಬೇಡ.

ಹಂತ 4: ದೂರು ಬರೆದು ಕೊಡಿ

ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಮಂಗಳೂರು ಪ್ರಾದೇಶಿಕ ಕಚೇರಿ ಬೈಕಂಪಾಡಿಯಲ್ಲಿದೆ. ಉಡುಪಿ ಜಿಲ್ಲೆಗೆ ಬೇರೆ ಪ್ರಾದೇಶಿಕ ಕಚೇರಿ ಇದೆ. ದೂರು ಪರಿಸರ ಅಧಿಕಾರಿಯ ಹೆಸರಿಗೆ, ಪ್ರತಿ ಜಿಲ್ಲಾಧಿಕಾರಿಗೆ ಮತ್ತು ನಿಮ್ಮ ಪಂಚಾಯತಿಗೆ. ಕನ್ನಡದಲ್ಲೇ ಬರೆಯಿರಿ.

ಒಂದೂವರೆ ಪುಟ ಮೀರಬೇಡಿ. ಮೊದಲ ಪ್ಯಾರಾದಲ್ಲಿ ಯಾವ ದಿನ, ಎಷ್ಟು ಹೊತ್ತು, ಏನು. ಎರಡನೆಯದರಲ್ಲಿ ನಿಮ್ಮಲ್ಲಿರುವ ಸಾಕ್ಷಿ. ಮೂರನೆಯದರಲ್ಲಿ ನಿಮಗೆ ಬೇಕಾದದ್ದು: ಇಂಥ ಹೊತ್ತಿನಲ್ಲಿ ಸ್ಥಳ ತನಿಖೆ, ಇಂಥ ವಸ್ತುಗಳ ಪರೀಕ್ಷೆ, ವರದಿಯ ಪ್ರತಿ ನಮಗೆ. 'ಸೂಕ್ತ ಕ್ರಮ ಕೈಗೊಳ್ಳಬೇಕಾಗಿ ವಿನಂತಿ' ಅಂತ ಮುಗಿಸಿದರೆ ಸೂಕ್ತ ಕ್ರಮ ಯಾವುದು ಅಂತ ಅವರೇ ತೀರ್ಮಾನಿಸುತ್ತಾರೆ.

ಕೈಯಲ್ಲಿ ಕೊಟ್ಟರೆ ನಿಮ್ಮ ಪ್ರತಿಯ ಮೇಲೆ ಸೀಲು, ದಿನಾಂಕ ಹಾಕಿಸದೆ ಬರಬೇಡಿ. ಅಂಚೆಯಲ್ಲಾದರೆ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಅರ್ಜಿಗೇ ಅಂಟಿಸಿಡಿ. ಫೋನಿನಲ್ಲಿ ಹೇಳಿದ್ದು ದೂರು ಅಲ್ಲ.

ಅಧಿಕಾರಿ ಬಂದಾಗ ಸ್ಥಳ ಮಹಜರು ಬರೆಯುತ್ತಾರೆ, ಅಂದರೆ ನೋಡಿದ್ದನ್ನು ಅಲ್ಲೇ ದಾಖಲಿಸುವ ಕಾಗದ. ಓದದೆ ಸಹಿ ಬೇಡ. 'ವಾಸನೆ ಇಲ್ಲ' ಅಂತ ಬರೆದಿದ್ದರೆ, ಕೆಳಗೆ 'ಮಧ್ಯಾಹ್ನ 12.30ಕ್ಕೆ ಭೇಟಿ, ದೂರು ಇರುವುದು ರಾತ್ರಿ 11ರ ಮೇಲಿನದ್ದು' ಅಂತ ನಿಮ್ಮ ಕೈಯಲ್ಲೇ ಬರೆದು ಸಹಿ ಮಾಡಿ.

ಎರಡು ಕಡೆ ಜಾಗ್ರತೆ ಬೇಕು. ಸಾಕ್ಷಿ ಇಲ್ಲದೆ ಒಂದು ಘಟಕದ ಹೆಸರು ಹಾಕಿ ವಾಟ್ಸಾಪಿನಲ್ಲಿ ಬರೆಯಬೇಡಿ. ದಿಕ್ಕು ಹೇಳಿ, ಮೂಲ ಪತ್ತೆ ಮಾಡುವುದು ಮಂಡಳಿಯ ಕೆಲಸ. ಮತ್ತೆ, ಕಾಂಪೌಂಡು ಹಾರುವುದು, ಡ್ರೋನ್ ಬಿಡುವುದು ಬೇಡ. ಬಂದರು, ವಿಮಾನ ನಿಲ್ದಾಣ ಎರಡೂ ಪಕ್ಕದಲ್ಲಿವೆ, ಕೇಸು ನಿಮ್ಮ ಮೇಲೇ ಆಗುತ್ತದೆ. ಫೋಟೊ ನಿಮ್ಮ ಅಂಗಳದಿಂದ ತೆಗೆಯಿರಿ.

ಹಂತ 5: ಮಾಹಿತಿ ಹಕ್ಕು

ಒಂದು ತಿಂಗಳಾದರೂ ಉತ್ತರ ಇಲ್ಲದಿದ್ದರೆ ಆರ್‌ಟಿಐ ಹಾಕಿ. ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡಿನವರಿಗೆ ಇಲ್ಲ. ಉತ್ತರ 30 ದಿನದೊಳಗೆ ಬರಬೇಕು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸುಮಾರು 150 ಪದ. ಉದ್ದ ಬರೆದರೆ ಅದನ್ನೇ ನೆಪ ಮಾಡಿ ವಾಪಸು ಕಳಿಸುತ್ತಾರೆ.

'ಯಾಕೆ ಕ್ರಮ ಆಗಿಲ್ಲ?' ಅಂತ ಕೇಳಬೇಡಿ. ಕಾರಣ ಕೇಳಿದರೆ ಉತ್ತರ ಸಿಗುವುದಿಲ್ಲ, ಕಾಗದ ಕೇಳಿದರೆ ಸಿಗುತ್ತದೆ. ಘಟಕದ ಚಾಲನಾ ಸಮ್ಮತಿ ಪತ್ರದ ಪ್ರತಿ, ಅಂದರೆ ಇಂತಿಷ್ಟು ಮಿತಿಯಲ್ಲಿ ನಡೆಸಬಹುದು ಅಂತ ಮಂಡಳಿ ಕೊಟ್ಟ ಪರವಾನಗಿ. ಕಳೆದ ಒಂದು ವರ್ಷದ ಸ್ಥಳ ತನಿಖಾ ವರದಿಗಳು. ಕೊಟ್ಟ ನೋಟಿಸುಗಳು. ನನ್ನ ದೂರಿನ ಕಡತದ ಟಿಪ್ಪಣಿ ಹಾಳೆಗಳು. ಇಷ್ಟು ಸಾಕು. ಚಾಲನಾ ಸಮ್ಮತಿ ಕೈಗೆ ಬಂದರೆ ಅದರ ಷರತ್ತುಗಳಿಗೆ ನಂಬರು ಹಾಕಿ, ನಿಮ್ಮ ದಿನಚರಿಯ ಜೊತೆ ಇಟ್ಟು ನೋಡಿ. 'ಷರತ್ತು ಇಂತಿಷ್ಟು ಪಾಲನೆ ಆಗಿಲ್ಲ' ಅಂತ ಬರೆದ ಎರಡನೆಯ ದೂರಿಗೆ ಮೊದಲನೆಯದಕ್ಕಿಂತ ಎಷ್ಟೋ ಪಾಲು ಬಲ.

ಉತ್ತರ ಬಾರದಿದ್ದರೆ 30 ದಿನದೊಳಗೆ ಮೊದಲ ಮೇಲ್ಮನವಿ, ಅದೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ. ಕೇಂದ್ರ ಸರ್ಕಾರದ ಉದ್ಯಮಗಳಿಗೂ ಆರ್‌ಟಿಐ ನೇರವಾಗಿ ಹಾಕಬಹುದು, ಅದಕ್ಕೆ ಕೇಂದ್ರದ ಪೋರ್ಟಲ್ ಬೇರೆ ಇದೆ.

ಹಂತ 6: ಸಾರ್ವಜನಿಕ ಅಹವಾಲು ಸಭೆ

ಹೊಸ ಘಟಕಕ್ಕೆ, ಇರುವುದರ ವಿಸ್ತರಣೆಗೆ 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ಅಹವಾಲು ಸಭೆ ಇರುತ್ತದೆ. ಕೆಲವು ಯೋಜನೆಗಳಿಗೆ ವಿನಾಯಿತಿ ಇದೆ. ಕನಿಷ್ಠ 30 ದಿನ ಮುಂಚೆ ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು. ಕರಡು ವರದಿ ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಪಂಚಾಯತಿ, ಜಿಲ್ಲಾ ಕೈಗಾರಿಕಾ ಕೇಂದ್ರ, ಮಂಡಳಿ ಕಚೇರಿಯಲ್ಲಿ ನೋಡಲು ಸಿಗಬೇಕು.

ಪೂರ್ತಿ ವರದಿ ಇಂಗ್ಲಿಷಿನಲ್ಲಿ ನೂರಾರು ಪುಟ ಇರುತ್ತದೆ. ಕನ್ನಡದಲ್ಲಿ ಬರುವುದು ಸಾಮಾನ್ಯವಾಗಿ ಸಾರಾಂಶ ಮಾತ್ರ. ಎಲ್ಲ ಓದಲು ಹೋಗಬೇಡಿ. ಮೂರು ಕಡೆ ನೋಡಿ. ಗಾಳಿ, ನೀರಿನ ಅಳತೆ ಯಾವ ತಿಂಗಳಲ್ಲಿ ಮಾಡಿದ್ದಾರೆ? ಹೆಚ್ಚಾಗಿ ಒಂದೇ ಋತುವಿನ ಮೂರು ತಿಂಗಳು. ಮಳೆಗಾಲ ಬಿಟ್ಟಿದ್ದರೆ ಅದನ್ನೇ ಕೇಳಿ. ಮಾದರಿ ತೆಗೆದ ಜಾಗದ ನಕ್ಷೆಯಲ್ಲಿ ನಿಮ್ಮ ಊರು ಇದೆಯಾ? ವಿಂಡ್ ರೋಸ್, ಅಂದರೆ ಗಾಳಿ ಯಾವ ದಿಕ್ಕಿನಿಂದ ಎಷ್ಟು ಹೊತ್ತು ಬೀಸುತ್ತದೆ ಅಂತ ತೋರಿಸುವ ಹೂವಿನಂಥ ಚಿತ್ರ, ನಿಮ್ಮ ಅನುಭವಕ್ಕೆ ಹೊಂದುತ್ತದಾ?

ಸಭೆಯಲ್ಲಿ ಮಾತಾಡುವ ಹಕ್ಕು ಅಲ್ಲಿ ಬಂದ ಎಲ್ಲರಿಗೂ ಇದೆ. ಗದ್ದಲ ಎದ್ದರೆ ನಷ್ಟ ನಮಗೇ. ವೀಡಿಯೊದಲ್ಲಿ ಗದ್ದಲ ಉಳಿಯುತ್ತದೆ, ಪ್ರಶ್ನೆ ಉಳಿಯುವುದಿಲ್ಲ. ಪ್ರಶ್ನೆಗಳನ್ನು ಬರೆದುಕೊಂಡು ಹೋಗಿ, ಓದಿ, ಆ ಹಾಳೆಯನ್ನೇ ಕೊಟ್ಟು ಸೀಲು ಹಾಕಿಸಿ. ಕೊನೆಯಲ್ಲಿ ನಡಾವಳಿಯನ್ನು ಕನ್ನಡದಲ್ಲಿ ಓದಿ ಹೇಳಬೇಕು ಅಂತ ನಿಯಮ ಇದೆ. ಊಟಕ್ಕೆ ಹೊತ್ತಾಯಿತು ಅಂತ ಎದ್ದು ಬರಬೇಡಿ, ನಿಮ್ಮ ಮಾತು ಅದರಲ್ಲಿ ಇದೆಯಾ ಅಂತ ಕೇಳಿಯೇ ಬನ್ನಿ.

ಹಂತ 7: ಹಸಿರು ನ್ಯಾಯಮಂಡಳಿ

ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠ ಚೆನ್ನೈನಲ್ಲಿದೆ. ಅರ್ಜಿ ಆನ್‌ಲೈನಿನಲ್ಲಿ ಹಾಕಬಹುದು, ವೀಡಿಯೊ ಮೂಲಕ ಹಾಜರಾಗಬಹುದು. ವಕೀಲರು ಇಲ್ಲದೆಯೂ ವಾದಿಸಬಹುದು, ಆದರೆ ಕನ್ನಡ ಕಾಗದಗಳಿಗೆ ಇಂಗ್ಲಿಷ್ ಅನುವಾದ ಸೇರಿಸಬೇಕು. ಪರಿಹಾರ ಕೇಳದ ಅರ್ಜಿಗೆ ಶುಲ್ಕ 1,000 ರೂಪಾಯಿ. ಪರಿಹಾರ ಕೇಳಿದರೆ ಕೇಳಿದ ಮೊತ್ತದ ನೂರಕ್ಕೆ ಒಂದು. ಬಿಪಿಎಲ್‌ನವರಿಗೆ ಶುಲ್ಕ ಇಲ್ಲ.

ಇಲ್ಲಿಗೆ ಹೋದರೆ ಏನಾದರೂ ಆಗುತ್ತದಾ ಅಂತ ತುಂಬಾ ಜನ ಕೇಳುತ್ತಾರೆ. ಉಡುಪಿಯ ಯೆಲ್ಲೂರಿನ ಕಲ್ಲಿದ್ದಲು ವಿದ್ಯುತ್ ಸ್ಥಾವರದ ವಿಷಯದಲ್ಲಿ ಊರಿನವರ ಹೋರಾಟ ವರ್ಷಗಟ್ಟಲೆ ನಡೆಯಿತು. 2022ರಲ್ಲಿ ಈ ಪೀಠ ಸುಮಾರು 52 ಕೋಟಿ ರೂಪಾಯಿ ಪರಿಸರ ಪರಿಹಾರ ಕಟ್ಟಬೇಕು ಅಂತ ಆದೇಶ ಕೊಟ್ಟಿತು. ಮಾಲಿನ್ಯ ಮಾಡಿದವರೇ ಬೆಲೆ ತೆರಬೇಕು ಅನ್ನುವ ತತ್ವ 2010ರ ಹಸಿರು ನ್ಯಾಯಮಂಡಳಿ ಕಾಯ್ದೆಯ 20ನೇ ಕಲಮಿನಲ್ಲೇ ಇದೆ. ಹಾನಿ ಇಲ್ಲ ಅಂತ ತೋರಿಸುವ ಹೊಣೆ ಉದ್ಯಮದ್ದು ಅಂತ ಸುಪ್ರೀಂ ಕೋರ್ಟು 1996ರ ವೆಲ್ಲೂರು ತೀರ್ಪಿನಲ್ಲಿ ಹೇಳಿದೆ. ತಮಿಳುನಾಡಿನ ಚರ್ಮ ಹದ ಮಾಡುವ ಘಟಕಗಳ ವಿರುದ್ಧ ಬಂದ ತೀರ್ಪು ಅದು. ನಿಮ್ಮ ಅರ್ಜಿಯಲ್ಲಿ ಎರಡನ್ನೂ ಹೆಸರಿಸಿ.

ಇಲ್ಲಿ ಸೋಲುವವರು ಹೆಚ್ಚಾಗಿ ತಾರೀಖಿನಲ್ಲಿ ಸೋಲುತ್ತಾರೆ. ಮಾಲಿನ್ಯದ ತಕರಾರಿಗೆ, ಅದಕ್ಕೆ ಕಾರಣವಾದದ್ದು ಮೊದಲು ನಡೆದ ದಿನದಿಂದ ಆರು ತಿಂಗಳು. ತಕ್ಕ ಕಾರಣ ಇದ್ದರೆ ಇನ್ನೂ 60 ದಿನ, ಅಷ್ಟೇ. ಪರಿಹಾರ ಕೇಳಲು ಐದು ವರ್ಷ. ಪರಿಸರ ಅನುಮತಿಯ ವಿರುದ್ಧ ಮೇಲ್ಮನವಿಗೆ 30 ದಿನ, ಕಾರಣ ಇದ್ದರೆ ಮತ್ತೆ 60. 'ಹತ್ತು ವರ್ಷದಿಂದ ಸಹಿಸುತ್ತಿದ್ದೇವೆ' ಅನ್ನುವುದು ಸತ್ಯವೇ. ಆದರೆ ಅರ್ಜಿಯ ಮೊದಲ ಸಾಲೇ ಅದಾದರೆ, ಹತ್ತು ವರ್ಷ ಯಾಕೆ ಬರಲಿಲ್ಲ ಅಂತ ಎದುರು ವಕೀಲರು ಅಲ್ಲೇ ಹಿಡಿಯುತ್ತಾರೆ. ಯಾವ ಹೊಸ ಘಟನೆ, ಯಾವ ಹೊಸ ವರದಿ ಅನ್ನುವುದನ್ನು ತಾರೀಖಿನ ಜೊತೆ ಮೊದಲು ಹೇಳಿ. ಹಳೆಯದು ಹಿನ್ನೆಲೆಯಾಗಿ ಬರಲಿ.

ವಕೀಲರಿಗೆ ದುಡ್ಡು ಎಲ್ಲಿಂದ ಅನ್ನುವವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಅಥವಾ 15100ಕ್ಕೆ ಫೋನ್ ಮಾಡಿ. ಪರಿಶಿಷ್ಟ ಜಾತಿ, ಪಂಗಡದವರಿಗೆ, ಅಂಗವಿಕಲರಿಗೆ ಉಚಿತ ನೆರವು ಸಿಗುತ್ತದೆ. ಹೆಂಗಸರಿಗೆ ಆದಾಯ ಎಷ್ಟಿದ್ದರೂ ಸಿಗುತ್ತದೆ. ಹಾಗಾಗಿ ಮನೆಯಲ್ಲಿ ದಿನಚರಿ ಬರೆದವರು ಅಮ್ಮನೋ ಅಕ್ಕನೋ ಆಗಿದ್ದರೆ ಅರ್ಜಿಯೂ ಅವರ ಹೆಸರಿನಲ್ಲೇ ಹೋಗಲಿ. ಹೋಗುವಾಗ ನೋಟ್‌ಬುಕ್ಕಿನ ಜೆರಾಕ್ಸ್ ಮಾತ್ರ ಕೊಡಿ, ಮೂಲ ಪುಸ್ತಕ ಮನೆಯಲ್ಲೇ ಇರಲಿ.